ಎಲೆಯ ಎಡಭಾಗ

ಮಾಸ್ತಿಕಟ್ಟೆಯನ್ನು ಬಿಟ್ಟು ಕುಂದಾಪುರದ ಕಡೆಗೆ ಹೊರಟ ಬಸ್ಸು ಹುಲಿಕಲ್ ಘಾಟಿಯ ಮೊದಲ ತಿರುವಿಗೆ ಬರುವ ವೇಳೆಗೆ, ಆಷಾಢದ ದಿನವಾದರೆ, ಚಾಲಕನ ಮುಂದಿನ ಗಾಜಿನಾಚೆ ಲೋಕವೆಂಬುದು ಹತ್ತು ಮಾರು ದೂರಕ್ಕೆ ಮುಗಿದುಹೋಗಿರುತ್ತದೆ. ಕರ್ನಾಟಕದಲ್ಲಿ ಅತ್ಯಂತ ಹೆಚ್ಚು ಮಳೆ ಸುರಿಯುವ ಸ್ಥಳಗಳಲ್ಲಿ ಈ ನೆಲವೂ ಒಂದು. ಒಂದು ಪಕ್ಕಕ್ಕೆ ನೀರು ಜಿನುಗುವ ಬೆಟ್ಟದ ಗೋಡೆ, ಇನ್ನೊಂದು ಪಕ್ಕಕ್ಕೆ ಮಂಜು ತುಂಬಿದ ಕಣಿವೆ. ಎದುರಿಗೆ ಏದುಸಿರು ಬಿಡುತ್ತ ಏರಿ ಬರುವ ಲಾರಿಯ ದೀಪ. ಗಾಜಿನ ಮೇಲೆ ಆಡುವ ವೈಪರು, ರಸ್ತೆಯಂಚಿನ ಸುಣ್ಣ ಬಳಿದ ಕಲ್ಲು, ತೊಯ್ದು ನಿಂತ ದನ, ಕನ್ನಡಿಗೆ ಕಟ್ಟಿದ ಹೂವಿನ ಸರ, ಇಷ್ಟೂ ಅವನ ಕಣ್ಣಿನೊಳಕ್ಕೆ ಒಟ್ಟಿಗೆ ಬಂದು ಬೀಳುತ್ತವೆ. ಆದರೆ ಘಾಟಿ ಇಳಿದು ಹೊಸಂಗಡಿಯಲ್ಲಿ ಚಹದ ಲೋಟ ಹಿಡಿದು ನಿಂತಾಗ ಯಾರಾದರೂ, “ದಾರಿಯಲ್ಲಿ ಹೂವಿನ ಸರ ಅಲ್ಲಾಡುತ್ತಿತ್ತೇ ಮಾರಾಯರೆ?” ಎಂದು ಕೇಳಿದರೆ ಅವನು ನಕ್ಕುಬಿಟ್ಟಾನು. ಸರ ಅಲ್ಲಾಡುತ್ತಲೇ ಇತ್ತು. ಕಣ್ಣಿಗೆ ಬೀಳುತ್ತಲೂ ಇತ್ತು. ಅವನು ಮಾತ್ರ ಅದನ್ನು ನೋಡಲಿಲ್ಲ.

ಕಣ್ಣು ತೆರೆದವರೆಲ್ಲ ನೋಡುತ್ತಾರೆಂಬುದು ಲೋಕದ ನಂಬಿಕೆ. ಶರೀರಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನೆತ್ತಿದರೆ ಅದರ ಉಗುರು ಎಷ್ಟಗಲ ಕಾಣುವುದೋ, ಸುಮಾರು ಅಷ್ಟಗಲದ ಜಾಗದಲ್ಲಿ ಮಾತ್ರ ಕಣ್ಣಿನ ನೋಟ ನಿಜವಾಗಿ ತೀಕ್ಷ್ಣವಾಗಿರುತ್ತದೆ. ಅದರ ಸುತ್ತಣ ಭಾಗವೆಲ್ಲ ಅಂಚಿಗೆ ಹೋದಂತೆ ಮಸುಕಾಗುತ್ತ ಹೋಗುತ್ತದೆ. ಈ ಕೊರತೆ ಯಾರಿಗೂ ತಿಳಿಯದಂತೆ ಕಣ್ಣು ಒಂದು ಸೆಕೆಂಡಿಗೆ ಮೂರು ನಾಲ್ಕು ಬಾರಿ ಸ್ಥಳದಿಂದ ಸ್ಥಳಕ್ಕೆ ಜಿಗಿಯುತ್ತಿರುತ್ತದೆ. ಎಲ್ಲಿಗೆ ಜಿಗಿಯಬೇಕು ಎಂಬ ಆಜ್ಞೆ ಬರುವುದು ಕಣ್ಣಿನಿಂದಲ್ಲ, ಮಿದುಳಿನಿಂದ. ಅಷ್ಟೇ ಅಲ್ಲ, ಕಣ್ಣು ಕದಲದೆಯೂ ಗಮನ ಕದಲಬಲ್ಲುದು. ಚಾಲಕನ ದೃಷ್ಟಿ ನೇರ ರಸ್ತೆಯ ಮೇಲೆ ನೆಟ್ಟಿರುವಾಗಲೇ ಅವನ ಲಕ್ಷ್ಯ ಎಡಗಡೆಯ ಚರಂಡಿಯ ಮೇಲಿರಬಹುದು. ಶಾಲೆಯಲ್ಲಿ ಮೇಷ್ಟರ ಮುಖವನ್ನೇ ನೋಡುತ್ತ ಕಿಟಕಿಯಾಚೆಯ ಮಾವಿನಮರವನ್ನು ಕಾಯುವ ಹುಡುಗನಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಆಜ್ಞೆ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಮನುಷ್ಯ ತಾನಾಗಿ ಬಯಸಿ ಗಮನವನ್ನು ಕಳಿಸುವುದು. ಇದಕ್ಕೆ ಮಿದುಳಿನ ಹಣೆಯ ಭಾಗವೂ ನಡುನೆತ್ತಿಯ ಹಿಂಬದಿಯ ಭಾಗವೂ ಕೂಡಿ ದುಡಿಯುತ್ತವೆ. ಇನ್ನೊಂದು, ಹೊರಗಿನ ವಸ್ತುವೇ ಗಮನವನ್ನು ಸೆಳೆದುಕೊಳ್ಳುವುದು. ಮಂಜಿನಲ್ಲಿ ಥಟ್ಟನೆ ಹೊಳೆದ ದೀಪ ಹಾಗೆ ಮಾಡುತ್ತದೆ. ಈ ಕೆಲಸದಲ್ಲಿ ಮಿದುಳಿನ ಬುಡದ ಬಳಿಯ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ಗುಬುಟಿಗೆ ದೊಡ್ಡ ಪಾಲಿದೆ. ಮೀನು, ಕಪ್ಪೆ, ಹಕ್ಕಿಗಳಲ್ಲಿಯೂ ಇದಕ್ಕೆ ಸಮನಾದ ಭಾಗವಿರುವುದನ್ನು ನೋಡಿದರೆ ಇದು ಬಹಳ ಪುರಾತನವಾದ ಕಾವಲುಗಾರನೆನ್ನಬೇಕು. ೧೯೮೦ರಲ್ಲಿ ಮೈಕೇಲ್ ಪೋಸ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಗಮನದ ಈ ಓಡಾಟವನ್ನು ಅಳೆಯುವ ಸರಳ ಕ್ರಮವೊಂದನ್ನು ವಿವರಿಸಿದನು. ಕಣ್ಣನ್ನು ನಡುವಿನ ಒಂದು ಚುಕ್ಕೆಯ ಮೇಲೆ ನಿಲ್ಲಿಸಿ, ‘ಎಡಕ್ಕೆ ಬರಲಿದೆ’ ಎಂಬ ಸೂಚನೆ ಕೊಟ್ಟು ಎಡಗಡೆ ಬೆಳಕು ತೋರಿಸಿದರೆ ಜನ ಬೇಗ ಗುರುತಿಸುತ್ತಾರೆ. ಸೂಚನೆ ಎಡಕ್ಕೆ ಕೊಟ್ಟು ಬೆಳಕನ್ನು ಬಲಕ್ಕೆ ತೋರಿಸಿದರೆ ತಡವಾಗುತ್ತದೆ. ಕಣ್ಣು ಕದಲಿರುವುದಿಲ್ಲ. ತಡವಾದದ್ದು ಗಮನ ಎಡದಿಂದ ಬಲಕ್ಕೆ ನಡೆದು ಬರಬೇಕಾದ್ದರಿಂದ.

ಗಮನ ಹೋಗದ ಕಡೆಯಲ್ಲಿ ಏನು ನಡೆದರೂ ತಿಳಿಯುವುದಿಲ್ಲವೆಂಬುದಕ್ಕೆ ೧೯೯೯ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಎಂಬಿಬ್ಬರು ನಡೆಸಿದ ಪ್ರಯೋಗ ಲೋಕಪ್ರಸಿದ್ಧವಾಗಿದೆ. ಚೆಂಡಾಟದ ಚಿತ್ರವೊಂದನ್ನು ತೋರಿಸಿ, ಬಿಳಿಯ ಅಂಗಿಯವರು ಚೆಂಡನ್ನು ಎಷ್ಟು ಸಲ ದಾಟಿಸಿದರೆಂದು ಎಣಿಸಲು ಹೇಳಿದರು. ಆಟದ ನಡುವೆ ಗೊರಿಲ್ಲಾ ವೇಷ ತೊಟ್ಟ ಒಬ್ಬಳು ಬಂದು ನಿಂತು ಎದೆ ಬಡಿದುಕೊಂಡು ಹೊರಟುಹೋದಳು. ನೋಡಿದವರಲ್ಲಿ ಸುಮಾರು ಅರ್ಧ ಮಂದಿಗೆ ಅವಳು ಬಂದದ್ದೇ ತಿಳಿಯಲಿಲ್ಲ. ಮಲೆನಾಡಿನಲ್ಲಿ ಇದು ಹೊಸ ಸುದ್ದಿಯಾಗಬೇಕಾಗಿಲ್ಲ. ಬಯಲಾಟದಲ್ಲಿ ಒಡ್ಡೋಲಗದ ವೇಷ ಕುಣಿಯುತ್ತಿರುವಾಗ ರಂಗಸ್ಥಳದ ಅಂಚಿನಲ್ಲಿ ಯಾರು ಬಂದರು, ಯಾರು ಹೋದರು, ಮರುದಿನ ಬೆಳಗ್ಗೆ ಹೇಳಬಲ್ಲವರು ಎಷ್ಟು ಮಂದಿ?

ಗಮನಕ್ಕೆ ಕನ್ನಡದಲ್ಲಿ ಇನ್ನೊಂದು ಹೆಸರು ‘ಅವಧಾನ.’ ಆ ಹೆಸರನ್ನೇ ಹೊತ್ತ ಕಾವ್ಯಕಲೆಯೂ ಉಂಟು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯ ಮುಂದೆ ಕುಳಿತು ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ನಾಲ್ಕು ಪದಗಳನ್ನು ಕೊಟ್ಟು ಪದ್ಯ ಕಟ್ಟಿರೆನ್ನುತ್ತಾರೆ, ಒಬ್ಬರು ಮುಂದಿನ ಅಕ್ಷರ ಇದಾಗಬಾರದೆಂದು ಹೆಜ್ಜೆ ಹೆಜ್ಜೆಗೂ ನಿಷೇಧಿಸುತ್ತಾರೆ. ಇವರ ನಡುವೆ ಬಾಯಿ ಹಾಕಿ ಸಲ್ಲದ ಪ್ರಶ್ನೆ ಕೇಳಿ ಗಮನವನ್ನು ಕೆಡಿಸುವುದೇ ಕೆಲಸವಾದ ಅಪ್ರಸ್ತುತಪ್ರಸಂಗಿಯೂ ಇರುತ್ತಾರೆ. ಶತಾವಧಾನಿ ಆರ್. ಗಣೇಶರು ೨೦೧೨ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ನೂರು ಮಂದಿ ಪೃಚ್ಛಕರನ್ನು ಎದುರಿಸಿ ಕನ್ನಡದಲ್ಲಿ ಶತಾವಧಾನವನ್ನೇ ನಡೆಸಿದರು. ಇದನ್ನು ಕಂಡವರು ಅವಧಾನಿಯ ಗಮನ ಎಂಟು ಕಡೆಯಲ್ಲಿ ಏಕಕಾಲಕ್ಕೆ ಹರಡಿದೆಯೆಂದು ಬೆರಗಾಗುತ್ತಾರೆ. ಆದರೆ ಆಟದ ಕಟ್ಟಳೆಯನ್ನು ನಿಧಾನವಾಗಿ ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ಅವಧಾನಿ ಒಬ್ಬೊಬ್ಬ ಪೃಚ್ಛಕರಿಗೂ ಒಂದೊಂದು ಸುತ್ತಿನಲ್ಲಿ ಒಂದೊಂದು ಪಾದವನ್ನು ಹೇಳಿ, ಉಳಿದುದನ್ನು ಧಾರಣೆಯಲ್ಲಿರಿಸಿ ಮುಂದಿನವರ ಕಡೆಗೆ ತಿರುಗುತ್ತಾರೆ. ಮರಳಿ ಬಂದಾಗ ಬಿಟ್ಟ ಎಳೆಯನ್ನು ಬಿಟ್ಟಲ್ಲಿಯೇ ಹಿಡಿಯುತ್ತಾರೆ. ಅಸಾಧಾರಣವಾದದ್ದು ಗಮನ ಚದುರಿ ಹೋಗುವುದಲ್ಲ, ಅದು ಇಡಿಯಾಗಿ ತಿರುಗಿ ಇಡಿಯಾಗಿ ಮರಳುವುದು.

ಹಾಗಾದರೆ ಗಮನವೆಂಬುದು ಒಂದೇ ಒಂದೆ? ಇಲ್ಲಿ ಮಿದುಳಿನ ರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿರುವ ಮಿದುಳಿನ ವಸ್ತುಸಂಗ್ರಹಾಲಯಕ್ಕೆ ಹೋದವರು ನಿಜವಾದ ಮಾನವ ಮಿದುಳನ್ನು ಕಣ್ಣಾರೆ ಕಾಣಬಹುದು. ಅಕ್ರೋಟಿನ ಕಾಯಿಯ ಒಳತಿರುಳಿನಂತೆ ಎರಡು ಹೋಳು. ನಡುವೆ ಆಳವಾದ ಸೀಳು. ನೆಟ್ಟಗೆ ಕೊಯ್ದಿರಿಸಿದ ಮಿದುಳಿನಲ್ಲಿ ಆ ಸೀಳಿನ ತಳದಲ್ಲಿ ಬಾಗಿದ ಬಿಳಿಯ ಪಟ್ಟಿಯೊಂದು ಕಾಣುತ್ತದೆ. ಕಾರ್ಪಸ್ ಕಲೋಸಮ್ ಎಂದು ಅದರ ಹೆಸರು. ಎಡಬಲದ ಅರೆಗೋಳಗಳನ್ನು ಹೊಸೆಯುವ ಸುಮಾರು ೨೦ ಕೋಟಿ ನರತಂತುಗಳ ಸೇತುವೆ ಅದು.

ಬಲಗೈಯನ್ನು ಎಡಮಿದುಳೂ ಎಡಗೈಯನ್ನು ಬಲಮಿದುಳೂ ಆಡಿಸುತ್ತವೆಂಬುದು ಎಲ್ಲರೂ ಕೇಳಿದ ಮಾತು. ಅದರಂತೆ ಎಡಗಣ್ಣು ಬಲಮಿದುಳಿಗೆ, ಬಲಗಣ್ಣು ಎಡಮಿದುಳಿಗೆ ಎಂದು ಹಲವರು ತಿಳಿಯುವುದುಂಟು, ಅದು ಸರಿಯಲ್ಲ. ಒಂದೊಂದು ಕಣ್ಣೂ ಎರಡು ಕಡೆಯನ್ನೂ ಕಾಣುತ್ತದೆ. ಆದರೆ ಎರಡು ಕಣ್ಣುಗಳಿಂದಲೂ ಹೊರಟ ನರಗಳು ನಡುವೆ ಒಂದೆಡೆ ಕೂಡಿ, ಅರ್ಧರ್ಧ ದಾಟಿಕೊಂಡು, ನೋಟದ ಎಡಭಾಗವನ್ನೆಲ್ಲ ಬಲಮಿದುಳಿಗೂ ಬಲಭಾಗವನ್ನೆಲ್ಲ ಎಡಮಿದುಳಿಗೂ ಒಯ್ದು ಹಾಕುತ್ತವೆ. ಅಂದರೆ ದೃಷ್ಟಿ ನಿಂತ ಬಿಂದುವಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಂತೆ ಲೋಕ ಎರಡು ಪಾಲಾಗುತ್ತದೆ. ಒಂದೊಂದು ಪಾಲಿಗೆ ಒಂದೊಂದು ಅರೆಗೋಳ ಒಡೆಯ. ಅರ್ಧನಾರೀಶ್ವರನ ವಿಗ್ರಹವನ್ನು ಎದುರು ನಿಂತು ನೋಡುವವನಲ್ಲಿ, ದೃಷ್ಟಿ ವಿಗ್ರಹದ ನಡುವೆ ನೆಟ್ಟಿದ್ದರೆ, ಶಿವನು ಒಂದು ಅರೆಗೋಳಕ್ಕೂ ಪಾರ್ವತಿ ಇನ್ನೊಂದು ಅರೆಗೋಳಕ್ಕೂ ಹೋಗುತ್ತಾರೆ. ಆದರೂ ಅವನು ಕಾಣುವುದು ಒಂದೇ ವಿಗ್ರಹ.

ಗಮನಕ್ಕೂ ಈ ಪಾಲುಗಾರಿಕೆ ಉಂಟೆಂದು ಈಚೆಗೆ ತಿಳಿದಿದೆ. ತೆರೆಯ ಮೇಲೆ ಓಡಾಡುವ ಚುಕ್ಕೆಗಳಲ್ಲಿ ಕೆಲವನ್ನು ಮಾತ್ರ ಕಣ್ಣಿಟ್ಟು ಹಿಂಬಾಲಿಸುವ ಪರೀಕ್ಷೆಯೊಂದನ್ನು ಅಲ್ವಾರೆಜ್ ಮತ್ತು ಕವನಾ ಎಂಬ ಸಂಶೋಧಕರು ೨೦೦೫ರಲ್ಲಿ ಪ್ರಕಟಿಸಿದರು. ಚುಕ್ಕೆಗಳೆಲ್ಲ ಒಂದೇ ಪಕ್ಕದಲ್ಲಿದ್ದಾಗ ಎಷ್ಟನ್ನು ಹಿಂಬಾಲಿಸಬಹುದಾಗಿತ್ತೋ, ಎಡಬಲಕ್ಕೆ ಹಂಚಿದ್ದಾಗ ಹೆಚ್ಚುಕಡಮೆ ಅದರ ಎರಡರಷ್ಟನ್ನು ಹಿಂಬಾಲಿಸಬಹುದಾಗಿತ್ತು. ಒಂದು ಮನೆಯಲ್ಲಿ ಇಬ್ಬರು ಕಾವಲುಗಾರರಿದ್ದು, ಒಬ್ಬೊಬ್ಬನೂ ತನ್ನ ಬಾಗಿಲನ್ನು ತಾನು ಕಾಯುವಂತೆ.

ಇಬ್ಬರು ಕಾವಲುಗಾರರಿದ್ದರೆ ಒಬ್ಬನ ಕಾವಲಿನಿಂದ ಇನ್ನೊಬ್ಬನ ಕಾವಲಿಗೆ ವಸ್ತು ದಾಟುವಾಗ ಏನಾಗುತ್ತದೆ? ಘಾಟಿಯ ತಿರುವಿನಲ್ಲಿ ಇದು ಕ್ಷಣಕ್ಷಣಕ್ಕೂ ನಡೆಯುತ್ತದೆ. ಎದುರಿನ ಲಾರಿಯ ದೀಪ ಚಾಲಕನ ನೋಟದ ಎಡಗಡೆಯಲ್ಲಿ ಹುಟ್ಟಿ, ಬಸ್ಸು ತಿರುಗಿದಂತೆ, ಬಲಗಡೆಗೆ ಜಾರುತ್ತದೆ. ಬಲಮಿದುಳು ಹಿಡಿದಿದ್ದ ಲಾರಿಯನ್ನು ಎಡಮಿದುಳು ಹಿಡಿಯಬೇಕು. ನಡುವೆ ಒಂದು ಕ್ಷಣವೂ ಲಾರಿ ಮಾಯವಾದಂತೆ ಅವನಿಗೆ ತೋರುವುದಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಅರ್ಲ್ ಮಿಲ್ಲರ್ ಮತ್ತು ಸಂಗಡಿಗರು ಪ್ರಾಣಿಗಳ ಮಿದುಳಿನ ವಿದ್ಯುತ್ ಚಲನೆಯನ್ನು ಅಳೆದು ಈ ಹಸ್ತಾಂತರವನ್ನು ಪರೀಕ್ಷಿಸಿದ್ದಾರೆ. ಅವರ ೨೦೨೧ರ ಮತ್ತು ೨೦೨೫ರ ವರದಿಗಳಿಂದ ತಿಳಿದ ಸಂಗತಿಯನ್ನು ಅಡಕೆಯ ಸೀಮೆಯವರಿಗೆ ವಿವರಿಸುವುದು ಸುಲಭ. ಕೊನೆಗೌಡ ಮರದ ತುದಿಯಲ್ಲಿ ಕೊನೆಯನ್ನು ಕೊಯ್ದು ಹಗ್ಗಕ್ಕೆ ಜಾರಿಬಿಡುತ್ತಾನೆ. ಕೆಳಗೆ ಹಗ್ಗದ ತುದಿ ಹಿಡಿದು ನಿಂತವನು ಕೊನೆ ಬಂದಮೇಲೆ ಕೈಯೊಡ್ಡುವುದಿಲ್ಲ, ಬರುವ ಮೊದಲೇ ಕಾಲೂರಿ ಸಿದ್ಧನಾಗಿರುತ್ತಾನೆ. ಮಿದುಳಿನಲ್ಲಿಯೂ ವಸ್ತು ದಾಟುವ ಮುನ್ನವೇ ಪಡೆಯುವ ಅರೆಗೋಳ ಅಣಿಯಾಗುತ್ತದೆ. ಕೊಡುವ ಅರೆಗೋಳವೋ, ದಾಟಿದ ಮೇಲೂ ಕೆಲಹೊತ್ತು ಹಿಡಿತವನ್ನು ಪೂರ್ತಿ ಸಡಿಲಿಸುವುದಿಲ್ಲ. ಸ್ವಲ್ಪ ಹೊತ್ತು ಎರಡು ಕೈಗಳಲ್ಲಿಯೂ ವಸ್ತು ಇರುತ್ತದೆ. ಮರದ ಮೇಲಿನವನಿಗೆ ಮಾತ್ರ ಈ ಸೌಕರ್ಯವಿಲ್ಲ.

ಸೇತುವೆಯನ್ನೇ ಕಡಿದುಬಿಟ್ಟರೆ? ಇದು ಊಹೆಯ ಪ್ರಶ್ನೆಯಲ್ಲ. ಔಷಧಕ್ಕೆ ಬಗ್ಗದ ಅಪಸ್ಮಾರದಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ೧೯೬೨ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಬೋಗನ್ ಮತ್ತು ವೋಗಲ್ ಎಂಬ ಶಸ್ತ್ರವೈದ್ಯರು, ಒಂದು ಅರೆಗೋಳದ ಸೆಳವು ಇನ್ನೊಂದಕ್ಕೆ ಹರಡದಿರಲೆಂದು, ಕಾರ್ಪಸ್ ಕಲೋಸಮ್ಮನ್ನು ಕಡಿದರು. ಸೆಳವು ಕಡಮೆಯಾಯಿತು, ಮನುಷ್ಯ ಮಾತು, ನಡೆ, ಬುದ್ಧಿಯಲ್ಲಿ ಮೊದಲಿನಂತೆಯೇ ಇದ್ದನು. ಇಂಥ ರೋಗಿಗಳನ್ನು ರೋಜರ್ ಸ್ಪೆರಿಯೂ ಅವನ ಶಿಷ್ಯ ಮೈಕೇಲ್ ಗಜ್ಜಾನಿಗನೂ ಜಾಣತನದಿಂದ ಪರೀಕ್ಷಿಸಿದರು. ಚಮಚದ ಚಿತ್ರವನ್ನು ನೋಟದ ಎಡಗಡೆಯಲ್ಲಿ ಕ್ಷಣಮಾತ್ರ ತೋರಿಸಿ ಏನು ಕಂಡಿತೆಂದು ಕೇಳಿದರೆ, ‘ಏನೂ ಕಾಣಲಿಲ್ಲ’ ಎಂಬ ಉತ್ತರ. ಮಾತಿನ ನೆಲೆ ಬಹುಪಾಲು ಜನರಲ್ಲಿ ಎಡಮಿದುಳು. ಅದಕ್ಕೆ ನಿಜವಾಗಿಯೂ ಏನೂ ಕಂಡಿರಲಿಲ್ಲ. ಆದರೆ ತೆರೆಯ ಹಿಂದೆ ಇಟ್ಟ ಸಾಮಾನುಗಳನ್ನು ಎಡಗೈಯಿಂದ ತಡವಿ ಎತ್ತಲು ಹೇಳಿದರೆ ಅದೇ ಕೈ ಚಮಚವನ್ನೇ ಎತ್ತುತ್ತಿತ್ತು! ಸ್ಪೆರಿಗೆ ೧೯೮೧ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇದಕ್ಕಿಂತ ವಿಚಿತ್ರವಾದದ್ದು ಗಜ್ಜಾನಿಗ ಮತ್ತು ಲೆಡೂ ೧೯೭೮ರಲ್ಲಿ ವರ್ಣಿಸಿದ ಪ್ರಸಂಗ. ಸೇತುವೆ ಕಡಿದ ತರುಣನೊಬ್ಬನ ಎಡಮಿದುಳಿಗೆ ಕೋಳಿಯ ಕಾಲಿನ ಚಿತ್ರವನ್ನೂ ಬಲಮಿದುಳಿಗೆ ಹಿಮ ಮುಚ್ಚಿದ ಮನೆಯ ಚಿತ್ರವನ್ನೂ ಏಕಕಾಲಕ್ಕೆ ತೋರಿಸಿದರು. ಅದಕ್ಕೆ ಹೊಂದುವ ಚಿತ್ರವನ್ನು ಆರಿಸೆಂದಾಗ ಬಲಗೈ ಕೋಳಿಯನ್ನೂ ಎಡಗೈ ಸಲಿಕೆಯನ್ನೂ ಮುಟ್ಟಿದವು. ಹಿಮವನ್ನು ಎತ್ತಲು ಸಲಿಕೆ ಬೇಕಷ್ಟೆ. ಸಲಿಕೆಯೇಕೆಂದು ಕೇಳಿದಾಗ, ಹಿಮದ ವಿಷಯವೇ ತಿಳಿಯದ ಎಡಮಿದುಳು ತಡವರಿಸಲಿಲ್ಲ: ಕೋಳಿಯ ಗೂಡನ್ನು ಚೊಕ್ಕಟ ಮಾಡಲು ಸಲಿಕೆ ಬೇಕಲ್ಲ ಎಂದಿತು. ಅವನು ಸುಳ್ಳು ಹೇಳಲಿಲ್ಲ. ಕಾಣದ ಸಂಗತಿಗೆ ಕಾರಣ ಕಟ್ಟಿಕೊಡುವುದು ಮಾತುಬಲ್ಲ ಮಿದುಳಿನ ಸ್ವಭಾವವೆಂದು ತೋರುತ್ತದೆ. ಹೀಗಿದ್ದರೂ ಇಂಥ ರೋಗಿಗಳ ಗಮನ ಪೂರ್ತಿ ಹೋಳಾಗಿರುವುದಿಲ್ಲ. ಮಿದುಳಿನ ಬುಡದ ಹಳೆಯ ದಾರಿಗಳು ಕಡಿದಿರದ ಕಾರಣ, ಕಂಡದ್ದು ಏನೆಂಬುದನ್ನು ಒಂದು ಅರೆಗೋಳ ಇನ್ನೊಂದಕ್ಕೆ ಹೇಳಲಾರದಿದ್ದರೂ, ಎಲ್ಲಿ ನೋಡಬೇಕೆಂಬುದನ್ನು ತಕ್ಕಮಟ್ಟಿಗೆ ತಿಳಿಸಬಲ್ಲುದು.

ಈ ಪ್ರಯೋಗಗಳ ಕೀರ್ತಿಯಿಂದ ಒಂದು ಕೇಡೂ ಹುಟ್ಟಿತೆನ್ನಬೇಕು. ಎಡಮಿದುಳಿನವರು ಲೆಕ್ಕಿಗರು, ಬಲಮಿದುಳಿನವರು ಕವಿಗಳು ಎಂಬ ಅಗ್ಗದ ಜಾತಕ ಎಲ್ಲೆಡೆ ಹರಡಿತು. ಇಡಿಯ ಮಿದುಳಿಲ್ಲದೆ ಲೆಕ್ಕವೂ ಇಲ್ಲ, ಕಾವ್ಯವೂ ಇಲ್ಲ. ಅದಾದ ಮೇಲೆ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಎಂಬ ಹೆಸರಿನಲ್ಲಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸುವ ತರಬೇತಿಗಳು ಊರೂರಿಗೆ ಬಂದವು. ತಂದೆತಾಯಂದಿರು ಸಾವಿರಾರು ರೂಪಾಯಿ ತೆತ್ತರು. ಮೂಗಿನ ಪಕ್ಕದ ಸಂದಿನಿಂದ ಇಣಿಕುವುದಷ್ಟೇ ಅದರ ಗುಟ್ಟೆಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಬಹಿರಂಗವಾಗಿ ಹೇಳುತ್ತ ಬಂದಿದ್ದಾರೆ. ಮಗುವಿಗೆ ಸುಳ್ಳಾಡಲು ಕಲಿಸಿ ಅದಕ್ಕೆ ಶುಲ್ಕ ಕೊಡುವುದು ಯಾವ ಗೋಳಾರ್ಧದ ಬುದ್ಧಿಯೋ ತಿಳಿಯದು.

ಸೇತುವೆ ಕಡಿದವರು ಲೋಕದಲ್ಲಿ ವಿರಳ. ಗೃಹಸ್ಥರ ಮನೆಗೆ ನಿಜವಾಗಿ ಬರುವ ಕಷ್ಟ ಬೇರೆ. ಅದು ಪಾರ್ಶ್ವವಾಯುವಿನ ಬೆನ್ನಿಗೆ ಬರುತ್ತದೆ. ಪಾರ್ಶ್ವವೆಂದರೆ ಪಕ್ಕ. ಮೈಯ ಒಂದು ಪಕ್ಕ ಬೀಳುವುದನ್ನು ಆ ಹೆಸರು ಸರಿಯಾಗಿಯೇ ಹೇಳುತ್ತದೆ. ಆದರೆ ಕೆಲವರಲ್ಲಿ ಮೈಯ ಪಕ್ಕದೊಡನೆ ಲೋಕದ ಪಕ್ಕವೂ ಬಿದ್ದುಹೋಗುತ್ತದೆಂಬುದು ಆ ಹೆಸರಿನಲ್ಲಿಲ್ಲ.

ಮಾಸ್ತಿಕಟ್ಟೆಯ ಆಸುಪಾಸಿನ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯರಿಗೆ ಬಲಮಿದುಳಿನಲ್ಲಿ ರಕ್ತ ಕಟ್ಟಿ, ಆಸ್ಪತ್ರೆಯಲ್ಲಿದ್ದು, ಮನೆಗೆ ಮರಳಿದ್ದಾರೆ. ಮಾತು ಸ್ಪಷ್ಟವಾಗಿದೆ, ನೆನಪು ಚೆನ್ನಾಗಿದೆ, ಅಡಕೆಯ ಧಾರಣೆ ಕೇಳುತ್ತಾರೆ. ಎಡಗೈ ಮಾತ್ರ ಸೋತಿದೆ. ಊಟಕ್ಕೆ ಕುಳಿತಾಗ ಬಾಳೆಲೆಯ ಬಲಗಡೆಯ ಪಲ್ಯ, ಬಲಗಡೆಯ ಅರ್ಧ ಅನ್ನ ಖಾಲಿಯಾಗುತ್ತದೆ. ಎಡಗಡೆಯ ಕುಡಿಯ ಬಳಿ ಬಡಿಸಿದ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಉಳಿದರ್ಧ ಅನ್ನ ಹಾಗೆಯೇ ಉಳಿಯುತ್ತದೆ. “ಎಲೆಯಲ್ಲಿ ಇನ್ನೂ ಇದೆಯಲ್ಲ, ಮಾವಯ್ಯ?” ಎಂದು ಸೊಸೆ ಕೇಳಿದರೆ, “ಎಲ್ಲಿದೆಯಮ್ಮ? ಇವತ್ತು ಉಪ್ಪಿನಕಾಯಿಯನ್ನೇ ಹಾಕಲಿಲ್ಲ,” ಎಂಬ ದೂರು. ಎಲೆಯನ್ನು ತಿರುಗಿಸಿಟ್ಟರೆ ಉಳಿದದ್ದನ್ನು ರುಚಿಯಾಗಿ ಊಟಮಾಡುತ್ತಾರೆ. ಗಡ್ಡ ಹೆರೆದುಕೊಂಡರೆ ಬಲಗೆನ್ನೆ ಮಾತ್ರ ನುಣುಪು. ಎಡಗಡೆ ನಿಂತ ಮಗ ಕರೆದರೆ ಬಲಗಡೆ ಹುಡುಕುತ್ತಾರೆ. ಅಂಗಿಯ ಎಡತೋಳು ಜೋತಾಡುತ್ತಿರುತ್ತದೆ. ಮನೆಯವರು ಮೊದಲು ನಗುತ್ತಾರೆ, ಆಮೇಲೆ ರೇಗುತ್ತಾರೆ. ಮುದಿತನದ ಹಟ, ಸೊಸೆಯ ಮೇಲಿನ ಮುನಿಸು, ಅರಳುಮರಳು ಎಂದು ನಾನಾ ಕಾರಣ ಕಟ್ಟುತ್ತಾರೆ. ಕಾರಣ ಕಟ್ಟುವುದು ಮಾತುಬಲ್ಲ ಮಿದುಳಿನ ಸ್ವಭಾವವಲ್ಲವೆ!

ಇದು ಹಟವಲ್ಲ, ಕುರುಡೂ ಅಲ್ಲ. ಕುರುಡಿಗೂ ಇದಕ್ಕೂ ಭೇದವಿದೆ. ನೋಟದ ನರವೇ ಕೆಟ್ಟು ಎಡಭಾಗ ಕಾಣದವನಿಗೆ ತನಗೆ ಎಡಗಡೆ ಕಾಣದೆಂಬ ಅರಿವಿರುತ್ತದೆ. ಅವನು ಕತ್ತು ತಿರುಗಿಸಿ ನೋಡಲು ಬೇಗ ಕಲಿಯುತ್ತಾನೆ. ಇಲ್ಲಿ ಕಣ್ಣು ಸರಿಯಾಗಿದೆ, ಎಡದ ಬೆಳಕು ಮಿದುಳನ್ನು ಮುಟ್ಟುತ್ತಿದೆ. ಅಲ್ಲಿಗೆ ಗಮನ ಹೋಗುವುದಿಲ್ಲ. ಗಮನ ಹೋಗದಿರುವುದರಿಂದಲೇ ಅಲ್ಲಿ ಏನೋ ಇಲ್ಲವೆಂಬ ಕೊರತೆಯೂ ತೋರುವುದಿಲ್ಲ. ಬೆನ್ನ ಹಿಂದಿನ ಲೋಕ ಕಾಣದೆಂದು ಯಾರೂ ಕೊರಗುವುದಿಲ್ಲವಷ್ಟೆ? ಅವರಿಗೆ ಎಡಗಡೆಯೂ ಹಾಗೆಯೇ ಆಗಿಬಿಡುತ್ತದೆ. ಗಡಿಯಾರದ ಚಿತ್ರ ಬರೆಯಲು ಹೇಳಿದರೆ ಹನ್ನೆರಡು ಅಂಕಿಗಳನ್ನೂ ಬಲಗಡೆಯ ಅರ್ಧದಲ್ಲಿಯೇ ತುರುಕುತ್ತಾರೆ. ಓದುವಾಗ ಸಾಲಿನ ಮೊದಲ ಪದಗಳು, ಪದದ ಮೊದಲ ಅಕ್ಷರಗಳು ಬಿಟ್ಟುಹೋಗುತ್ತವೆ. ಮಹಾಸತಿಯಿಂದ ಬಂದ ‘ಮಾಸ್ತಿ’ ಅಳಿಸಿಹೋಗಿ ಮಾಸ್ತಿಕಟ್ಟೆ ಬರಿಯ ‘ಕಟ್ಟೆ’ಯಾಗಬಹುದು. ಬಸ್ಸಿನ ಹಲಗೆಯ ಮೇಲೆ ‘ಹೊಸನಗರ’ವೆಂದಿದ್ದರೆ ‘ನಗರ’ವೆಂದು ಓದಬಹುದು. ಅದೇ ತಾಲ್ಲೂಕಿನಲ್ಲಿ, ಬಿದನೂರಿನ ಅರಸರು ಆಳಿದ ನಗರವೆಂಬ ಊರು ಬೇರೆ ಇದೆ. ಓದಿದವರಿಗೆ ತಪ್ಪಾಯಿತೆಂಬ ಸಂಶಯ ಹುಟ್ಟಲು ಎಡೆಯೇ ಇಲ್ಲ.

ಕಳೆದುಹೋಗುವುದು ಎದುರಿನ ಲೋಕ ಮಾತ್ರವಲ್ಲ, ನೆನಪಿನ ಲೋಕವೂ. ಇಟಲಿಯ ಮಿಲಾನ್ ನಗರದ ಬಿಸಿಯಾಕ್ ಮತ್ತು ಲುಜಾಟಿ ಎಂಬ ವೈದ್ಯರು ೧೯೭೮ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ವಿಷಯದಲ್ಲಿ ಅತ್ಯಂತ ಮನೋಹರವಾದದ್ದು. ಆ ನಗರದ ದೊಡ್ಡ ಚರ್ಚಿನ ಮುಂದೆ ಊರವರೆಲ್ಲ ಬಲ್ಲ ಚೌಕವೊಂದಿದೆ. ಇಂಥ ಕಾಯಿಲೆಯ ಇಬ್ಬರನ್ನು, ಆ ಚೌಕದಲ್ಲಿ ಚರ್ಚಿನ ಕಡೆಗೆ ಮುಖ ಮಾಡಿ ನಿಂತಂತೆ ಭಾವಿಸಿಕೊಂಡು ಸುತ್ತಣ ಕಟ್ಟಡಗಳನ್ನು ಹೇಳಿರೆಂದು ಕೇಳಿದರು. ಅವರು ಬಲಗಡೆಯ ಕಟ್ಟಡಗಳನ್ನು ಹೇಳಿದರು. ಎಡಗಡೆಯವನ್ನು ಬಹುಮಟ್ಟಿಗೆ ಬಿಟ್ಟರು. ಆಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಚೌಕವನ್ನು ನೋಡುವಂತೆ ಭಾವಿಸಿರೆಂದರು. ಆಗ ಮೊದಲು ಬಿಟ್ಟಿದ್ದ ಕಟ್ಟಡಗಳು ಬಲಗಡೆಗೆ ಬಂದುವಲ್ಲ, ಅವೆಲ್ಲವೂ ನೆನಪಿಗೆ ಬಂದವು. ಮೊದಲು ಹೇಳಿದ್ದವು ಮರೆಯಾದವು. ಉಡುಪಿಯ ರಥಬೀದಿಯನ್ನು ನೂರು ಸಲ ಸುತ್ತಿದವರಿಗೂ ಹೀಗೆ ಆಗಬಹುದು: ಬೀದಿ ಇಡಿಯಾಗಿ ನೆನಪಿನಲ್ಲಿದೆ, ಮನಸ್ಸಿನ ಗಮನ ಅದರ ಎಡಪಕ್ಕಕ್ಕೆ ಕಾಲಿಡದು.

ಬಹುತೇಕ ಎಡಗಡೆಯೇ ಏಕೆ? ಮೆಸುಲಂ ಎಂಬ ನರವೈದ್ಯ ೧೯೮೧ರಲ್ಲಿ ಮುಂದಿಟ್ಟ ವಿವರಣೆ ಇಂದಿಗೂ ಪ್ರಚಲಿತವಾಗಿದೆ. ಎಡಮಿದುಳಿನ ಕಾವಲು ಮುಖ್ಯವಾಗಿ ಬಲಗಡೆಗೆ ಮೀಸಲು. ಬಲಮಿದುಳಾದರೋ ಎರಡು ಕಡೆಯನ್ನೂ ಕಾಯುತ್ತದೆ. ಎಡಮಿದುಳು ಕೆಟ್ಟರೆ ಬಲಗಡೆಗೆ ಇನ್ನೊಬ್ಬ ಕಾವಲುಗಾರನಿದ್ದಾನೆ. ಬಲಮಿದುಳು ಕೆಟ್ಟರೆ ಎಡಗಡೆಗೆ ದಿಕ್ಕಿಲ್ಲ. ಗಮನದ ಈ ಎಡಬಲದ ತೂಕವನ್ನು ಕುರಿತು ಕರ್ನಾಟಕದಲ್ಲಿಯೇ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವರ್ಷಾ ಶ್ರೀನಿವಾಸನ್ ಮತ್ತು ದೇವರಾಜನ್ ಶ್ರೀಧರನ್ ಆರೋಗ್ಯವಂತರ ಮಿದುಳಿನ ನರತಂತುಗಳ ಜಾಡನ್ನು ಕಾಂತೀಯ ಚಿತ್ರಣದಿಂದ ಗುರುತಿಸಿ, ೨೦೧೯ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಮನದಲ್ಲಿ ಎರಡು ಅಂಶಗಳುಂಟು: ನೋಡಿದ್ದನ್ನು ಹೆಚ್ಚು ಸೂಕ್ಷ್ಮವಾಗಿ ಕಾಣುವುದ ಒಂದು, ಆ ಪಕ್ಕದ ಸುದ್ದಿಗೇ ಹೆಚ್ಚು ಬೆಲೆ ಕೊಡುವ ಒಲವು ಇನ್ನೊಂದು. ಆಗ ಹೇಳಿದ ಪುರಾತನ ಕಾವಲುಗಾರ ಸುಪೀರಿಯರ್ ಕಾಲಿಕ್ಯುಲಸ್ಸಿಗೂ ನಡುನೆತ್ತಿಯ ಹಿಂಬದಿಗೂ ಇರುವ ಸಂಪರ್ಕದ ಬಲ ಈ ಎರಡನೆಯದಕ್ಕೆ, ಒಲವಿಗೆ, ಹೊಂದಿಕೊಂಡಿತ್ತು, ಸೂಕ್ಷ್ಮತೆಗೆ ಅಲ್ಲ. ಎಡದ ಸುದ್ದಿ ಬರುವುದು ಬೇರೆ, ಅದಕ್ಕೆ ಬೆಲೆ ಬರುವುದು ಬೇರೆ ಎಂಬುದನ್ನು ಎಲೆಯ ಮುಂದೆ ಕುಳಿತ ಹಿರಿಯರ ವಿಷಯದಲ್ಲಿಯೂ ನೆನೆಯಬಹುದು.

ಮನೆಯವರು ಇದರಿಂದ ತಿಳಿಯಬೇಕಾದುದು ಮುಖ್ಯವಾಗಿ ಮೊದಲ ಗಂಟೆಗಳ ವಿಷಯ. ರಕ್ತನಾಳ ಕಟ್ಟಿದ ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ೪½ ಗಂಟೆಗಳೊಳಗೆ ಕೊಡಬೇಕು. ಅದಕ್ಕೆ ಮೊದಲು ಮಿದುಳಿನ ಸ್ಕ್ಯಾನ್ ಆಗಬೇಕು. ಬಲಮಿದುಳಿನ ಆಘಾತದಲ್ಲಿ ಮಾತು ಕೆಡದಿರುವುದೇ ಮೋಸ. ಬಾಯಿ ಕೊಂಚ ಸೊಟ್ಟಗಾಗಿ, ಎಡಗೈ ಜೋತುಬಿದ್ದಿದ್ದರೂ ರೋಗಿ ಸ್ಪಷ್ಟವಾದ ಮಾತಿನಲ್ಲಿ, “ನನಗೇನೂ ಆಗಿಲ್ಲ, ಸ್ವಲ್ಪ ಮಲಗಿದರೆ ಸರಿಹೋಗುತ್ತದೆ” ಎನ್ನಬಹುದು. ತನ್ನ ಕಾಯಿಲೆಯನ್ನೇ ಅರಿಯದ ಈ ಸ್ಥಿತಿಯನ್ನು ಬಾಬಿನ್ಸ್ಕಿ ಎಂಬ ಫ್ರಾನ್ಸಿನ ವೈದ್ಯ ೧೯೧೪ರಲ್ಲಿಯೇ ಹೆಸರಿಟ್ಟು ವರ್ಣಿಸಿದ್ದಾನೆ. ಕೆಲವರು ತಮ್ಮ ಎಡಗೈಯನ್ನು ತೋರಿಸಿ ಇದು ಇನ್ನಾರದೋ ಎನ್ನುವುದೂ ಉಂಟು. ಬೇರೆ ಕಾಯಿಲೆಗಳಲ್ಲಿ ರೋಗಿಯ ಮಾತನ್ನು ನಂಬಬೇಕು, ಇಲ್ಲಿ ನಂಬಬಾರದು. ಮಾಸ್ತಿಕಟ್ಟೆಯಂಥ ಊರಿನಿಂದ ಘಾಟಿ ಇಳಿದು ಮಣಿಪಾಲಕ್ಕೋ, ಬಯಲ ದಾರಿ ಹಿಡಿದು ಶಿವಮೊಗ್ಗಕ್ಕೋ ಹೋಗಬೇಕಾದವರಿಗೆ ಮಲಗಿ ನೋಡುವಷ್ಟು ಹೊತ್ತು ಉಳಿದಿರುವುದಿಲ್ಲ. ೧೦೮ಕ್ಕೆ ಕರೆ ಮಾಡುವುದು ಹಿರಿಯರ ಅಪ್ಪಣೆಗಾಗಿ ಕಾಯತಕ್ಕ ಕೆಲಸವಲ್ಲ.

ಮನೆಗೆ ಮರಳಿದ ಮೇಲೆ ಹಲವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಈ ಕೊರತೆ ತಾನಾಗಿ ಬಹಳಷ್ಟು ಇಳಿಯುತ್ತದೆ. ಉಳಿದವರಿಗೆ ಅಭ್ಯಾಸ ಬೇಕು. ಬೇಕೇಬೇಕಾದ ನೀರಿನ ಲೋಟ, ಕರೆಗಂಟೆಗಳನ್ನು ಮೊದಮೊದಲು ಬಲಗಡೆಯಲ್ಲಿಯೇ ಇಡುವುದು ಕ್ಷೇಮ. ಮಾತನಾಡಿಸುವಾಗ ಮಾತ್ರ ಮೆಲ್ಲಮೆಲ್ಲನೆ ಎಡಕ್ಕೆ ಸರಿಯುತ್ತ, ಎಡಗೈಯನ್ನು ಮುಟ್ಟಿ ಕರೆಯುತ್ತ, ಗಮನವನ್ನು ಆ ಪಕ್ಕಕ್ಕೆ ಎಳೆದುತರಬೇಕು. ಫ್ರಾನ್ಸಿನ ಲಿಯೋನ್ ನಗರದಲ್ಲಿ ರೊಸೆಟ್ಟಿ ಮತ್ತು ಸಂಗಡಿಗರು ೧೯೯೮ರಲ್ಲಿ ಇನ್ನೊಂದು ಉಪಾಯವನ್ನು ವರದಿ ಮಾಡಿದರು. ನೋಟವನ್ನೆಲ್ಲ ಹತ್ತು ಡಿಗ್ರಿಯಷ್ಟು ಬಲಕ್ಕೆ ಜರುಗಿಸುವ ಪಟ್ಟಕದ ಕನ್ನಡಕವನ್ನು ತೊಡಿಸಿ, ಎದುರಿನ ಗುರುತನ್ನು ಹಲವಾರು ಸಲ ಬೆರಳಿನಿಂದ ಮುಟ್ಟಿಸಿದರು. ಮೊದಲು ಬೆರಳು ತಪ್ಪುತ್ತದೆ, ಆಮೇಲೆ ಕೈ ತನ್ನನ್ನು ತಾನೇ ಎಡಕ್ಕೆ ತಿದ್ದಿಕೊಳ್ಳುತ್ತದೆ. ಕನ್ನಡಕವನ್ನು ತೆಗೆದ ಮೇಲೂ ಆ ತಿದ್ದುಪಡಿ ಕೆಲಹೊತ್ತು ಉಳಿದು, ಕೆಲವರಲ್ಲಿ ಕಳೆದುಹೋಗಿದ್ದ ಎಡಗಡೆ ಸ್ವಲ್ಪ ಮರಳಿತು. ಎಲ್ಲರಿಗೂ ಇದು ಫಲಿಸುವುದಿಲ್ಲ.

ಓದುವ ಹವ್ಯಾಸವಿದ್ದವರಿಗೆ ಖರ್ಚಿಲ್ಲದ ಸಾಧನವೊಂದಿದೆ. ಪುಟದ ಎಡ ಅಂಚಿನುದ್ದಕ್ಕೂ ದಪ್ಪವಾದ ಕೆಂಪುಗೆರೆಯೊಂದನ್ನು ಎಳೆದುಕೊಡುವುದು. ಒಂದೊಂದು ಸಾಲು ಮುಗಿದಾಗಲೂ ಆ ಗೆರೆ ಕಾಣುವವರೆಗೆ ಕಣ್ಣನ್ನು ಹಿಂದಕ್ಕೆ ತರಬೇಕೆಂದು, ಗೆರೆ ಕಾಣದೆ ಮುಂದಿನ ಸಾಲನ್ನು ಓದಕೂಡದೆಂದು ಹೇಳಿಕೊಡುವುದು. ಮನೆಯ ಮಕ್ಕಳು ಪಕ್ಕದಲ್ಲಿ, ಎಡಪಕ್ಕದಲ್ಲಿಯೇ, ಕುಳಿತು ಗೆರೆಯ ಮೇಲೆ ಬೆರಳಿಟ್ಟರೆ ಕೆಲಸ ಬೇಗ ಸಾಗುತ್ತದೆ.